ಓದಿದ ಕಥೆ, ನೋಡಿದ ಕಥೆ
(ನಮ್ಮ ವಾಚನಾಲಯದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ವಿಮರ್ಶಕನೂ ಅಲ್ಲ. ವಾರಕ್ಕೆರಡು ಸಂಜೆ ಇಲ್ಲಿ ಕುಳಿತು ಪುಸ್ತಕಗಳನ್ನು ಕೊಟ್ಟು ತೆಗೆದುಕೊಳ್ಳುವವನು. ಹಾಗೆ ಕುಳಿತಾಗ ಕಿವಿಗೆ ಬೀಳುವ ಒಂದು ವಾದವನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಒಳ್ಳೆಯ ಕಾದಂಬರಿಯನ್ನು ಚಲನಚಿತ್ರ ಮಾಡಿದರೆ ಅದು ಬೆಳಗುವುದೋ, ಕೆಡುವುದೋ? "ಸಿನಿಮಾದವರು ಕಥೆಯನ್ನು ಹಾಳುಮಾಡಿದರು" ಎನ್ನುವರು ಕೆಲವರು. "ಸಿನಿಮಾ ಬಾರದಿದ್ದರೆ ಅದು ನಿಮ್ಮ ಕಪಾಟಿನಲ್ಲೇ ಧೂಳು ಹಿಡಿದಿರುತ್ತಿತ್ತು" ಎನ್ನುವರು ಇನ್ನು ಕೆಲವರು.

ಈ ವಾದ ಅತಿ ಬಿಸಿಯಾಗುವುದು 'ನಾಗರಹಾವು' ಚಿತ್ರದ ಮಾತು ಬಂದಾಗ. ಪುಟ್ಟಣ್ಣ ಕಣಗಾಲ್ ಅವರು ಅದನ್ನು 1972ರಲ್ಲಿ ತೆರೆಗೆ ತಂದರು. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳು ಆ ಒಂದೇ ಚಿತ್ರದಲ್ಲಿ ಸೇರಿವೆ. ಚಿತ್ರವನ್ನು ಜನ ಮುಗಿಬಿದ್ದು ನೋಡಿದರು. ವಿಷ್ಣುವರ್ಧನ್ ಮನೆಮಾತಾದರು. ಆದರೆ ಕಾದಂಬರಿಕಾರರಿಗೆ ಮಾತ್ರ ಚಿತ್ರ ಒಪ್ಪಿಗೆಯಾಗಲಿಲ್ಲವೆಂಬುದು ತಮಗೆಲ್ಲ ತಿಳಿದ ಸಂಗತಿ.

ಹಾಗಾದರೆ ಯಾರ ಪಕ್ಷ ಸರಿ? ಮೂರು ಕಾದಂಬರಿಗಳನ್ನು ಮೂರು ಗಂಟೆಗೆ ಇಳಿಸುವಾಗ ಬಹಳಷ್ಟನ್ನು ಬಿಡಲೇಬೇಕು. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಬಿಟ್ಟ ಮೇಲೆ ಉಳಿದದ್ದು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ನೋಡಬೇಕು. ಚಿತ್ರದಲ್ಲಿ ಕಥೆ ಚಾಮಯ್ಯ ಮೇಷ್ಟ್ರ ವಾತ್ಸಲ್ಯದ ಕಡೆಗೆ ವಾಲಿದೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳ ಬಾಳು ಮಣ್ಣುಪಾಲಾಗುತ್ತದೆ. ಅಶ್ವಥ್ ಅವರ ಮುಖ ಕಂಡೊಡನೆ ನಮ್ಮ ಕಣ್ಣು ತುಂಬುವುದರಿಂದ, ಆ ಪ್ರೀತಿಯೇ ಅನರ್ಥಕ್ಕೂ ಕಾರಣವಾಯಿತೆಂದು ಯೋಚಿಸಲು ಪುರಸೊತ್ತಾಗುವುದಿಲ್ಲ. ಚಿತ್ರದ ಶಕ್ತಿ ಅದೇ. ಅದರ ಅಪಾಯವೂ ಅದೇ. ಲೇಖಕನ ಅಸಮಾಧಾನ ಹಟವಲ್ಲ, ಪ್ರೇಕ್ಷಕನ ಕಣ್ಣೀರು ಸುಳ್ಳಲ್ಲ.

ಇನ್ನೊಂದು ಉದಾಹರಣೆ 'ಚೋಮನ ದುಡಿ'. ಶಿವರಾಮ ಕಾರಂತರ ಈ ಕಾದಂಬರಿ 1933ರದು. ಬಿ.ವಿ. ಕಾರಂತರ ಚಿತ್ರ 1975ರದು. ಅದಕ್ಕೆ ಸ್ವರ್ಣಕಮಲ ದೊರೆಯಿತು. ಚೋಮನ ಪಾತ್ರಕ್ಕಾಗಿ ಎಂ.ವಿ. ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಇಲ್ಲಿ ಚಿತ್ರಕಥೆಯನ್ನು ಬರೆದವರು ಸ್ವತಃ ಕಾದಂಬರಿಕಾರರೇ. ಆದರೂ ಪುಸ್ತಕ ಮತ್ತು ಚಿತ್ರ ಒಂದೇ ಆಗಲಿಲ್ಲ. ಸ್ವಂತ ಬೇಸಾಯದ ಆಸೆಯಿಂದ ಜೋಡೆತ್ತು ಸಾಕಿಕೊಂಡ ಚೋಮ ಹೊಲೆಯನಾದ್ದರಿಂದ ಒಂದು ತುಂಡು ಭೂಮಿಯನ್ನೂ ಪಡೆಯಲಾರ. ಅವನು ಮಾತು ಬಲ್ಲವನಲ್ಲ. ಪುಸ್ತಕದಲ್ಲಿ ಅವನ ಎದೆಯ ಮಾತನ್ನು ಲೇಖಕರು ನಮಗೆ ತಿಳಿಸುತ್ತಾರೆ. ಚಿತ್ರದಲ್ಲಿ ಹಾಗೆ ತಿಳಿಸುವವರಿಲ್ಲ. ದುಡಿಯೇ ಆ ಕೆಲಸ ಮಾಡಬೇಕು. ಓದುವಾಗ ನಾವು ಕಲ್ಪಿಸಿಕೊಂಡ ಸದ್ದು ಇಲ್ಲಿ ನಿಜವಾಗಿ ಕಿವಿಗೆ ಬಡಿಯುತ್ತದೆ. ಆದರೆ ಮುಳುಗುತ್ತಿರುವ ಅವನ ಮಗನನ್ನು ಅಸ್ಪೃಶ್ಯನೆಂಬ ಕಾರಣಕ್ಕೆ ಯಾರೂ ಮೇಲೆತ್ತದ ಪುಟಕ್ಕೆ ಬಂದಾಗ ನಾವು ಪುಸ್ತಕ ಮುಚ್ಚಿ ಸುಮ್ಮನೆ ಕೂರಬಹುದು. ಸಭೆಯ ನಡುವೆ ನೋಡುವ ಚಿತ್ರ ನಮಗಾಗಿ ಕಾಯುವುದಿಲ್ಲ.

ಆದುದರಿಂದ "ಪುಸ್ತಕದಲ್ಲಿದ್ದಂತೆಯೇ ಇದೆಯೇ?" ಎಂದು ಕೇಳುವುದರಿಂದ ಹೆಚ್ಚು ಫಲವಿಲ್ಲ. ಕಾದಂಬರಿ ನಮ್ಮ ಮುಂದಿಟ್ಟ ಪ್ರಶ್ನೆಯನ್ನು ಚಿತ್ರವೂ ಇಟ್ಟಿತೇ, ಇಲ್ಲವೇ ಬೇರೆಯದನ್ನು ಇಟ್ಟಿತೇ, ಆ ಬೇರೆಯದು ಸತ್ವವುಳ್ಳದ್ದೇ ಎಂದು ಕೇಳೋಣ. ಹಾಗೆ ಕೇಳಬೇಕಾದರೆ ಎರಡನ್ನೂ ಬಲ್ಲವರಾಗಿರಬೇಕು.

ನಮ್ಮಂತಹ ಹೊರನಾಡಿನವರಿಗೆ ಕಷ್ಟ ಬರುವುದು ಇಲ್ಲಿಯೇ. ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ. ಅಕ್ಷರ ಕಲಿತದ್ದು ಮಾತ್ರ ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ. ಅವರಿಗೆ ರಾಮಾಚಾರಿಯಾಗಲಿ, ಚೋಮನಾಗಲಿ ಮೊದಲು ಸಿಗುವುದು ತೆರೆಯ ಮೇಲೆಯೇ. "ಅಯ್ಯೋ, ಇದೇನು ಮಹಾ, ಪುಸ್ತಕ ಓದಬೇಕಾಗಿತ್ತು" ಎಂದು ಹಿರಿಯರು ಮೂಗು ಮುರಿದರೆ ಅವರು ಪುಸ್ತಕದ ಕಡೆ ಬರುವುದಿಲ್ಲ. ಸಿನಿಮಾದಿಂದಲೂ ದೂರ ಹೋಗುತ್ತಾರೆ. "ಸಿನಿಮಾ ನೋಡಿದೆವಲ್ಲ, ಸಾಕು" ಎಂದರೂ ನಷ್ಟವೇ. ಮೂರು ಕಾದಂಬರಿಗಳಲ್ಲಿ ಬಿಟ್ಟುಹೋದದ್ದೆಲ್ಲ ಅವರ ಪಾಲಿಗೆ ಇಲ್ಲದಂತಾಗುತ್ತದೆ.

ಅದಕ್ಕಾಗಿ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ವಿನಂತಿ. ಸಂಘದಲ್ಲಿ ಕಾದಂಬರಿ ಆಧಾರಿತ ಚಿತ್ರ ತೋರಿಸಿದಾಗಲೆಲ್ಲ ಮೂಲ ಪುಸ್ತಕದ ಎರಡು ಪ್ರತಿಗಳು ಮೇಜಿನ ಮೇಲಿರಲಿ. ಮುಂದಿನ ಭಾನುವಾರ, ಓದಬಲ್ಲ ಹಿರಿಯರೊಬ್ಬರು ಅದರ ಒಂದು ಅಧ್ಯಾಯವನ್ನು ಓದಲಾರದ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲಿ. ಕೇಳಿದವರಲ್ಲಿ ಒಬ್ಬರಾದರೂ "ಮುಂದೇನಾಯಿತು?" ಎಂದು ಅಕ್ಷರ ಕಲಿಯಲು ಹೊರಟರೆ, ನಮ್ಮ ಇಷ್ಟು ದಿನದ ವಾದ ಸಾರ್ಥಕವಾಯಿತೆಂದು ತಿಳಿಯುತ್ತೇನೆ.