ಮೈಕೆಲ್ ಪೊವೆಲನ ಆತ್ಮಕಥೆಯೂ ‘ಬಿಲ್ಲುಗಾರ’ರ ಚಿತ್ರಗಳೂ

ಚಲಚ್ಚಿತ್ರವೆಂಬುದು ಹಲವರು ಕೂಡಿ ಮಾಡುವ ಕೆಲಸ. ಕಾವ್ಯವನ್ನಾದರೆ ಕವಿಯೊಬ್ಬನೇ ಬರೆದು ಮುಗಿಸಬಲ್ಲನು. ಚಿತ್ರಕ್ಕೆ ಕಥೆ ಹೆಣೆಯುವವನು ಬೇಕು, ಹಣ ಹಾಕುವವನು ಬೇಕು, ನಟರು, ಛಾಯಾಗ್ರಾಹಕರು, ಬಡಗಿಗಳು, ಬಣ್ಣದವರು ಎಲ್ಲರೂ ಬೇಕು. ಹೀಗಿರುವಲ್ಲಿ ಅವರಲ್ಲೊಬ್ಬನು ಮುಪ್ಪಿನಲ್ಲಿ ಕುಳಿತು ತನ್ನ ಬಾಳಿನ ಕಥೆಯನ್ನು ಬರೆದರೆ, ಅದರಲ್ಲಿ ಉಳಿದವರಿಗೆ ಸಲ್ಲಬೇಕಾದ ಪಾಲು ಸಲ್ಲುವುದೆ? ಇಂಗ್ಲಿಷ್ ನಿರ್ದೇಶಕ ಮೈಕೆಲ್ ಪೊವೆಲನ ಆತ್ಮಕಥೆಯನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಹಿಂಬಾಲಿಸುತ್ತದೆ. ಅದರ ಮೊದಲನೆಯ ಸಂಪುಟವಾದ ‘ಎ ಲೈಫ್ ಇನ್ ಮೂವೀಸ್’ ೧೯೮೬ರಲ್ಲಿ ಪ್ರಕಟವಾಯಿತು. ಎರಡನೆಯದಾದ ‘ಮಿಲಿಯನ್ ಡಾಲರ್ ಮೂವಿ’ ಆತನು ಕಾಲವಾದ ಎರಡು ವರ್ಷಗಳ ಮೇಲೆ, ೧೯೯೨ರಲ್ಲಿ, ಹೊರಬಂದಿತು.

ಪೊವೆಲನು ೧೯೦೫ರಲ್ಲಿ ಕ್ಯಾಂಟರ್ಬರಿಯ ಸಮೀಪದ ಒಂದು ಹಳ್ಳಿಯಲ್ಲಿ, ಒಕ್ಕಲು ಮನೆತನದಲ್ಲಿ ಹುಟ್ಟಿದವನು. ಕೆಲಕಾಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ೧೯೨೫ರಲ್ಲಿ ಫ್ರಾನ್ಸಿನ ನೀಸ್ ನಗರಕ್ಕೆ ಹೋಗಿ, ಅಲ್ಲಿ ಚಿತ್ರ ತೆಗೆಯುತ್ತಿದ್ದ ರೆಕ್ಸ್ ಇಂಗ್ರಮ್‌ನ ಬಳಿ ಸೇರಿಕೊಂಡನು. ಈ ಬಾಲ್ಯದ ಪುಟಗಳು, ಕೆಂಟ್ ಸೀಮೆಯ ಗದ್ದೆ ತೋಟಗಳ ವರ್ಣನೆಗಳು, ಗ್ರಂಥದ ಅತ್ಯಂತ ಸೊಗಸಾದ ಭಾಗವೆಂದು ನನ್ನ ಭಾವನೆ. ಮುಂದೆ ಆತನು ನಲವತ್ತು ವರ್ಷದ ಹಿಂದಿನ ಸಂಭಾಷಣೆಗಳನ್ನು ನಿನ್ನೆ ಕೇಳಿದವನಂತೆ ಬರೆದುಕೊಂಡು ಹೋಗುತ್ತಾನೆ. ಅದು ಚರಿತ್ರಕಾರನ ಜ್ಞಾಪಕವಲ್ಲ, ನಾಟಕಕಾರನ ಜ್ಞಾಪಕ. ಓದುಗನು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು.

ಈ ನಾಟಕದ ಎರಡನೆಯ ಪಾತ್ರ ಎಮೆರಿಕ್ ಪ್ರೆಸ್‌ಬರ್ಗರ್. ಹಂಗೆರಿಯ ಮಿಶ್ಕೋಲ್ಟ್ಸ್ ಪಟ್ಟಣದಲ್ಲಿ ೧೯೦೨ರಲ್ಲಿ ಹುಟ್ಟಿದ ಯೆಹೂದ್ಯನು. ಬರ್ಲಿನ್ನಿನಲ್ಲಿ ಚಿತ್ರಕಥೆಗಳನ್ನು ಬರೆದು ಜೀವಿಸುತ್ತಿದ್ದವನು. ಹಿಟ್ಲರನ ಆಡಳಿತ ಬಂದೊಡನೆ ಪ್ಯಾರಿಸ್ಸಿಗೆ ಓಡಿ, ೧೯೩೫ರಲ್ಲಿ ಇಂಗ್ಲೆಂಡಿಗೆ ಬಂದನು. ಇಬ್ಬರನ್ನೂ ಎದುರುಬದುರು ಕೂರಿಸಿದವನು ಇನ್ನೊಬ್ಬ ಹಂಗೆರಿಯವನಾದ ಅಲೆಕ್ಸಾಂಡರ್ ಕೋರ್ಡಾ. ‘ದಿ ಸ್ಪೈ ಇನ್ ಬ್ಲ್ಯಾಕ್’ ಚಿತ್ರದ ಸಮಾಲೋಚನೆಯ ಸಭೆಯದು. ಪ್ರೆಸ್‌ಬರ್ಗರನು ಸುರುಳಿ ಸುತ್ತಿದ ಪುಟ್ಟ ಕಾಗದವೊಂದನ್ನು ಹೊರತೆಗೆದು, ಮೂಲ ಕಾದಂಬರಿಯನ್ನು ತಲೆಕೆಳಗು ಮಾಡಿ, ಹೊಸದೊಂದು ಕಥೆಯನ್ನೇ ಹೇಳಿಬಿಟ್ಟನಂತೆ. ಇಂಥ ಒಬ್ಬನಿಗಾಗಿಯೇ ತಾನು ಕಾದಿದ್ದೆನೆಂದು ಪೊವೆಲನಿಗೆ ಆಗಲೇ ತೋರಿತು. ಆ ಪುಟಗಳಲ್ಲಿ ಅಸೂಯೆಯ ಲೇಶವೂ ಇಲ್ಲ.

ತರುವಾಯ ಇಬ್ಬರೂ ‘ದಿ ಆರ್ಚರ್ಸ್’, ಎಂದರೆ ಬಿಲ್ಲುಗಾರರು, ಎಂಬ ಸಂಸ್ಥೆಯನ್ನು ಕಟ್ಟಿದರು. ಗುರಿಹಲಗೆಗೆ ನಾಟುವ ಬಾಣವೇ ಅವರ ಲಾಂಛನ. ಕಥೆ, ನಿರ್ಮಾಣ, ನಿರ್ದೇಶನ ಮೂರಕ್ಕೂ ಇಬ್ಬರ ಹೆಸರನ್ನೂ ಜೊತೆಯಾಗಿ ಹಾಕುವುದೆಂದು ಗೊತ್ತುಮಾಡಿಕೊಂಡರು. ಚಿತ್ರಶಾಲೆಯಲ್ಲಿ ನಿಂತು ನಟರಿಗೆ ಆಜ್ಞೆಕೊಡುತ್ತಿದ್ದವನು ಪೊವೆಲನೇ. ಕಥೆಯ ಎಲುಬುಗೂಡನ್ನು ಕಟ್ಟುತ್ತಿದ್ದವನು ಪ್ರೆಸ್‌ಬರ್ಗರ್. ಆದರೂ ಹೆಸರಿನಲ್ಲಿ ಭೇದವಿಲ್ಲ. ಕೀರ್ತಿಗಾಗಿ ಕಚ್ಚಾಡುವ ಆ ವ್ಯಾಪಾರದಲ್ಲಿ ಇದೊಂದು ಅಪರೂಪದ ಒಪ್ಪಂದವೆನ್ನಬೇಕು.

ಈ ಕೂಟದ ಹಿರಿಮೆಯನ್ನು ತಿಳಿಯಬೇಕಾದರೆ ೧೯೪೩ರ ‘ಕರ್ನಲ್ ಬ್ಲಿಂಪ್’ ಚಿತ್ರವನ್ನು ನೋಡಬೇಕು. ಯುದ್ಧ ಭರದಿಂದ ಸಾಗಿದ್ದ ಕಾಲದಲ್ಲಿ ಒಬ್ಬ ಮುದಿ ಇಂಗ್ಲಿಷ್ ಸೇನಾನಿಯನ್ನೂ ಅವನ ಸ್ನೇಹಿತನಾದ ಒಬ್ಬ ಜರ್ಮನನನ್ನೂ ಸಮಾನ ಮರ್ಯಾದೆಯಿಂದ ಚಿತ್ರಿಸುವುದೆಂದರೇನು! ಪ್ರಧಾನಿ ಚರ್ಚಿಲನು ಈ ಚಿತ್ರವನ್ನು ತಡೆಯಲು ಯತ್ನಿಸಿದನು, ತಡೆಯಲಾಗಲಿಲ್ಲ. ಅದರಲ್ಲೊಂದು ದೃಶ್ಯವುಂಟು. ತಾಯ್ನಾಡನ್ನು ತೊರೆದ ಜರ್ಮನನು ಇಂಗ್ಲಿಷ್ ಅಧಿಕಾರಿಯ ಮುಂದೆ ಕುಳಿತು, ತನ್ನ ಮಕ್ಕಳು ನಾಜಿಗಳಾದುದನ್ನು, ಹೆಂಡತಿ ತೀರಿದುದನ್ನು, ಮೆಲ್ಲನೆಯ ದನಿಯಲ್ಲಿ ಹೇಳಿಕೊಳ್ಳುತ್ತಾನೆ. ಆಂಟನ್ ವಾಲ್‌ಬ್ರುಕ್ ಅದನ್ನು ನುಡಿದ ರೀತಿಯನ್ನು ಮರೆಯುವುದಾಗದು. ಪ್ರೆಸ್‌ಬರ್ಗರನು ಸ್ವತಃ ಅಂಥ ಪರದೇಶಿಯೇ. ಅವನ ತಾಯಿ ಆಶ್‌ವಿಟ್ಸ್‌ನಲ್ಲಿ ಮಡಿದಳು. ಆ ಮಾತುಗಳನ್ನು ಕೆಂಟಿನ ಒಕ್ಕಲಿಗನ ಮಗನು ಎಷ್ಟೇ ಪ್ರತಿಭಾವಂತನಾದರೂ ಬರೆಯಬಲ್ಲವನಾಗಿದ್ದನೆ?

೧೯೪೭ರ ‘ಬ್ಲ್ಯಾಕ್ ನಾರ್ಸಿಸಸ್’ ನಮಗೆ ಇನ್ನೊಂದು ಕಾರಣದಿಂದ ಹತ್ತಿರದ್ದು. ಹಿಮಾಲಯದ ಮಡಿಲಲ್ಲಿ ಮಠವನ್ನು ಸ್ಥಾಪಿಸಹೋಗಿ ಸೋತು ಹಿಂದಿರುಗುವ ಕ್ರೈಸ್ತ ಸನ್ಯಾಸಿನಿಯರ ಕಥೆಯದು. ಚಿತ್ರತಂಡ ಭಾರತದ ನೆಲವನ್ನೇ ಮೆಟ್ಟಲಿಲ್ಲ. ಪೈನ್‌ವುಡ್ ಚಿತ್ರಶಾಲೆಯಲ್ಲಿ ಚಿತ್ರಕಾರರು ಬರೆದ ಬೆಟ್ಟಗಳೇ ಹಿಮಾಲಯವಾದವು. ಜ್ಯಾಕ್ ಕಾರ್ಡಿಫನ ವರ್ಣಛಾಯಾಗ್ರಹಣಕ್ಕೆ ಆಸ್ಕರ್ ಪಾರಿತೋಷಕ ದೊರೆಯಿತು. ಅದರಲ್ಲಿ ತರುಣ ರಾಜಕುಮಾರನಾಗಿ ನಟಿಸಿದವನು ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು. ೧೯೩೭ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಪ್ರಸಿದ್ಧನಾಗಿ, ‘ಥೀಫ್ ಆಫ್ ಬಾಗ್ದಾದ್’ನಲ್ಲಿಯೂ ಪೊವೆಲನ ಕೈಕೆಳಗೆ ನಟಿಸಿದ್ದವನು. ಅವನ ಎದುರು ಬೆಟ್ಟದ ಹುಡುಗಿಯ ಪಾತ್ರಕ್ಕೆ ಜೀನ್ ಸಿಮನ್ಸ್ ಎಂಬ ಇಂಗ್ಲಿಷ್ ಬಾಲಿಕೆಗೆ ಕಂದುಬಣ್ಣ ಬಳಿದು ನಿಲ್ಲಿಸಿದರು. ಬೆಟ್ಟದಂತೆಯೇ ಹುಡುಗಿಯೂ ಬಣ್ಣದ್ದೇ! ಆದರೆ ಇಂಗ್ಲಿಷರು ಬೆಟ್ಟದಿಂದಿಳಿದು ಹೊರಟುಹೋಗುವ ಆ ಕಡೆಯ ದೃಶ್ಯ ತೆರೆಗೆ ಬಂದುದು ನಮ್ಮ ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು ಎಂಬುದನ್ನು ನೆನೆದರೆ, ಆ ಚಿತ್ರಕ್ಕೆ ಬೇರೊಂದು ಅರ್ಥ ಬರುತ್ತದೆ.

ಮೊದಲನೆಯ ಸಂಪುಟ ಸುಮಾರು ೭೦೦ ಪುಟಗಳಷ್ಟಿದ್ದು, ‘ದಿ ರೆಡ್ ಶೂಸ್’ ಚಿತ್ರದ ಕಾಲಕ್ಕೆ, ಎಂದರೆ ೧೯೪೮ರ ಸುಮಾರಿಗೆ, ನಿಲ್ಲುತ್ತದೆ. ೧೯೫೭ರಲ್ಲಿ ಕೂಟ ಮುರಿಯಿತು, ಸ್ನೇಹ ಮುರಿಯಲಿಲ್ಲ. ಪೊವೆಲನು ಬೇರೆಯಾಗಿ ತೆಗೆದ ‘ಪೀಪಿಂಗ್ ಟಾಮ್’ ಚಿತ್ರವನ್ನು ೧೯೬೦ರಲ್ಲಿ ವಿಮರ್ಶಕರು ಹರಿದು ತಿಂದರು. ಆತನ ವೃತ್ತಿ ಬಹುಮಟ್ಟಿಗೆ ಅಲ್ಲಿಗೇ ಕುಂದಿತು. ಮಾರ್ಟಿನ್ ಸ್ಕೋರ್ಸೆಸೆ ಮೊದಲಾದ ಅಮೆರಿಕದ ತರುಣ ನಿರ್ದೇಶಕರು ಈ ಹಳೆಯ ಚಿತ್ರಗಳನ್ನು ಮತ್ತೆ ಬೆಳಕಿಗೆ ತಂದಮೇಲೆಯೇ ಇಬ್ಬರಿಗೂ ಎರಡನೆಯ ಕೀರ್ತಿ ಬಂದುದು.

ಪೊವೆಲನು ತನ್ನ ಜೊತೆಗಾರನಿಗೆ ಅನ್ಯಾಯವೆಸಗಿದನೆಂದು ಯಾರೂ ಹೇಳಲಾರರು. ಹೊಗಳಿಕೆಯಲ್ಲಿ ಅವನು ಧಾರಾಳಿ. ಆದರೆ ಅಂಗಳದ ತುಂಬ ಮಾತಾಡುವವನ ಪಕ್ಕದಲ್ಲಿ ಮಿತಭಾಷಿಯು ಹೇಗೋ ಕಿರಿದಾಗಿ ಕಾಣುತ್ತಾನೆ. ಪ್ರೆಸ್‌ಬರ್ಗರನು ಎರಡು ಕಾದಂಬರಿಗಳನ್ನು ಪ್ರಕಟಿಸಿದನೇ ಹೊರತು ಇಂಥದೊಂದು ಆತ್ಮಕಥೆಯನ್ನು ಕೊಡಲಿಲ್ಲ. ೧೯೮೮ರಲ್ಲಿ ಕಾಲವಾದನು. ಆ ಕೊರತೆಯನ್ನು ಅವನ ಮೊಮ್ಮಗ ಕೆವಿನ್ ಮ್ಯಾಕ್‌ಡೊನಾಲ್ಡ್ ೧೯೯೪ರಲ್ಲಿ ಬರೆದ ಜೀವನಚರಿತ್ರೆ ಬಹುಮಟ್ಟಿಗೆ ತುಂಬಿದೆ. ಪೊವೆಲನ ಸಂಪುಟಗಳನ್ನು ಓದಬಯಸುವ ಶ್ರೋತೃಗಳು ಅದನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಬೇಕೆಂದು ನನ್ನ ಬಿನ್ನಹ.