ಗೊಂಬೆ ಮಗಳಿಗೆ, ಹೊಲ ಯಾರಿಗೆ?

(ಹರದನಹಳ್ಳಿಯಲ್ಲಿ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಚಿಕ್ಕ ಹೆಣ್ಣುಮಕ್ಕಳಿರುವ ಮನೆಯಲ್ಲಿ ಶರದೃತುವಿನ ಹಬ್ಬಗಳನ್ನು ಹೇಗೆ ಮಾಡುತ್ತಾರೆ, ಅದರಿಂದ ಮಕ್ಕಳಿಗೆ ಏನು ಬರುತ್ತದೆ ಎಂಬುದರ ಮೇಲೆ ಮಾತನಾಡಬೇಕೆಂದು ಕೇಳಿದ್ದೀರಿ. ಇದು ಹೆಂಗಸರ, ಮಕ್ಕಳ ವಿಷಯ, ಇದರಲ್ಲಿ ಹೇಳುವುದಕ್ಕೆ ಏನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಭಾದ್ರಪದದ ಗೌರಿಯಿಂದ ದೀಪಾವಳಿಯವರೆಗಿನ ಸುಮಾರು ಎರಡು ತಿಂಗಳಲ್ಲಿ ನಮ್ಮ ಮನೆಗಳು ಹೆಣ್ಣುಮಗುವಿಗೆ ಒಂದು ದೊಡ್ಡ ಪಾಠವನ್ನೇ ಹೇಳಿಕೊಡುತ್ತವೆ. ಈ ಮನೆಯಲ್ಲಿ ನಿನ್ನದು ಯಾವುದು, ನಿನ್ನದಲ್ಲದ್ದು ಯಾವುದು ಎಂಬುದೇ ಆ ಪಾಠ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಗಿನ ಕೊಡುವಾಗ, ಗೊಂಬೆ ಕೂರಿಸುವಾಗ, ಆಯುಧಪೂಜೆ ಮಾಡುವಾಗ ಮಗು ತಾನೇ ನೋಡಿ ಕಲಿಯುತ್ತದೆ.

ಮೊದಲು ಕಾಲವನ್ನು ನೋಡೋಣ. ಪಂಚಾಂಗದ ಪ್ರಕಾರ ಆಶ್ವಯುಜ, ಕಾರ್ತಿಕ ಮಾಸಗಳು ಶರದೃತು. ಪುಸ್ತಕಗಳಲ್ಲಿ ಶರತ್ಕಾಲವೆಂದರೆ ತಿಳಿಯಾದ ಆಕಾಶ, ಬೆಳುದಿಂಗಳು. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ರೈತನಿಗೆ ಇದು ಮಳೆಯ ಕಾಲವೇ. ಘಟ್ಟದ ಮರೆಯಲ್ಲಿರುವ ಈ ಬಯಲಿಗೆ ಮುಂಗಾರು ತೆಳುವಾಗಿ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು ನಂಬಿಯೇ ಇಲ್ಲಿನ ಕೆರೆಗಳೂ ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳೂ ಕಾದಿರುತ್ತವೆ. ಹುರುಳಿ ಬಿತ್ತುವ ಕಾಲವೂ ಇದೇ. ಅರಿಶಿನದ ಹೊಲ ಎದೆಯೆತ್ತರಕ್ಕೆ ಹಸಿರಾಗಿರುತ್ತದೆ. ಶಾಲೆಗೆ ದಸರಾ ರಜೆ ಬರುತ್ತದೆ. ಹೀಗೆ ಹೊಲದ ಕೆಲಸ, ಹಬ್ಬ, ರಜೆ ಮೂರೂ ಒಟ್ಟಿಗೆ ಸೇರುವ ದಿನಗಳು ಇವು.

ಶರತ್ಕಾಲದ ಬಾಗಿಲಲ್ಲೇ ಗೌರಿಹಬ್ಬ ನಿಂತಿದೆ. ಗೌರಿ ತವರಿಗೆ ಬರುವ ಮಗಳು. ಮಾರನೆಯ ದಿನ ಮಗ ಗಣಪ ಅವಳ ಹಿಂದೆಯೇ ಬರುತ್ತಾನೆ. ದೇವರ ಕಥೆಯನ್ನು ನಮ್ಮ ಜನ ಇಷ್ಟು ಸಲೀಸಾಗಿ ಮನೆಯ ಕಥೆ ಮಾಡಿಕೊಂಡದ್ದು ಈ ಹಬ್ಬದಲ್ಲಿ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬೇಳೆ, ಬೆಲ್ಲ, ರವಿಕೆಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ಬಾಗಿನ ಕೊಡುತ್ತಾರೆ. ಮದುವೆಯಾಗಿ ಹೋದ ಮಗಳಿಗೆ ತವರಿನಿಂದ ಬಾಗಿನವೋ, ಬಾಗಿನದ ಹಣವೋ ಹೋಗಲೇಬೇಕು. ಅಣ್ಣ ತಮ್ಮಂದಿರು ಬಡವರಾಗಿದ್ದರೂ ಇದನ್ನು ತಪ್ಪಿಸುವುದಿಲ್ಲ. ಮೊರ ಹಿಡಿದು ನಿಂತ ಅತ್ತೆಯನ್ನೋ ಅಕ್ಕನನ್ನೋ ನೋಡುವ ಆರು ವರ್ಷದ ಹುಡುಗಿ ಎರಡು ಸಂಗತಿ ತಿಳಿದುಕೊಳ್ಳುತ್ತಾಳೆ. ಒಂದು, ತವರು ನನ್ನನ್ನು ಮರೆಯುವುದಿಲ್ಲ. ಇನ್ನೊಂದು, ಒಂದು ದಿನ ನಾನು ಇಲ್ಲಿಗೆ ನೆಂಟಳಾಗಿ ಬರುವವಳು.

ಆಮೇಲೆ ಬರುವುದು ನವರಾತ್ರಿ. ಗೊಂಬೆ ಕೂರಿಸುವ ಪದ್ಧತಿ ಎಲ್ಲ ಮನೆಗಳಲ್ಲೂ ಇಲ್ಲ. ಬೇಸಾಯದ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು, ಆಯುಧಪೂಜೆಗೆ ನೇಗಿಲು, ಕುಡುಗೋಲು, ಗಾಡಿ ತೊಳೆದು ಪೂಜಿಸುವುದು, ಇವೇ ಮುಖ್ಯ. ಆದರೂ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಗೊಂಬೆ ಕಾಣದೆ ಬೆಳೆದ ಮಕ್ಕಳು ಕಡಿಮೆ. ತಮ್ಮ ಮನೆಯಲ್ಲಿ ಇಲ್ಲದಿದ್ದರೂ ಸಂಜೆ ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳಿಕೊಂಡು ಮನೆಮನೆಗೆ ಹೋಗಿ ಗೊಂಬೆ ಬಾಗಿನದ ತಿಂಡಿಯನ್ನು ಲಂಗದ ಮಡಿಲಲ್ಲಿ ತುಂಬಿಕೊಂಡು ಬಂದವರೇ ಹೆಚ್ಚು. ಅರಸರು ದಸರೆಯನ್ನು ನಾಡಹಬ್ಬವಾಗಿ ನಡೆಸಿಕೊಂಡು ಬಂದದ್ದು 1610ರಲ್ಲಿ ಶ್ರೀರಂಗಪಟ್ಟಣದಿಂದ. ಮೈಸೂರು ಅರಮನೆಯಲ್ಲಿ ಗೊಂಬೆಗಳಿಗೇ ಒಂದು ಗೊಂಬೆತೊಟ್ಟಿ ಇದೆ. ಇಲ್ಲಿಗೆ ಹತ್ತಿರದ ಅರಿಕುಠಾರಕ್ಕೆ, ಅಲ್ಲಿ 1774ರಲ್ಲಿ ಹುಟ್ಟಿದ ತಂದೆಯ ನೆನಪಿಗಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. ಹೀಗಾಗಿ ಮೈಸೂರಿನ ದಸರೆ ಈ ಸೀಮೆಗೆ ದೂರದ ಮಾತಲ್ಲ.

ಗೊಂಬೆ ಕೂರಿಸುವ ಕ್ರಮ ನಿಮಗೆ ಗೊತ್ತಿದೆ. ಪಾಡ್ಯದ ದಿನ ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸಸಂಖ್ಯೆಯ ಮೆಟ್ಟಿಲು ಕಟ್ಟಿ ಬಿಳಿಯ ಪಂಚೆ ಹಾಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಕಲಶ, ಪಟ್ಟದ ಗೊಂಬೆಗಳು. ಕೆಳಗೆ ದೇವರುಗಳು, ಮದುವೆ ದಿಬ್ಬಣ, ದವಸಧಾನ್ಯದ ಅಂಗಡಿ ಇಟ್ಟುಕೊಂಡ ಶೆಟ್ಟರು ಮತ್ತು ಅವರ ಹೆಂಡತಿ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು. ಪಕ್ಕದಲ್ಲಿ ಮಕ್ಕಳು ಮಣ್ಣು ಹರಡಿ ರಾಗಿ ಚೆಲ್ಲಿ ಬೆಳೆಸಿದ ಪುಟ್ಟ ಹೊಲ, ತಟ್ಟೆಯಲ್ಲಿ ನೀರಿಟ್ಟ ಕೆರೆ. ಮೂಲಾ ನಕ್ಷತ್ರದ ದಿನ ಸರಸ್ವತಿಯ ಮುಂದೆ ಪುಸ್ತಕ ಇಟ್ಟರೆ ಓದು ಬರಹಕ್ಕೆ ರಜೆ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ ಮರುದಿನ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಮಗುವಿಗೆ ಇಲ್ಲಿ ಎಷ್ಟು ವಿದ್ಯೆ ಸಿಗುತ್ತದೆ ನೋಡಿ. ಎಣಿಕೆ, ಜೋಡಣೆ, ಕಥೆ, ಬೀಜ ಮೊಳೆಯುವ ಬಗೆ, ಒಡೆಯುವ ವಸ್ತುವನ್ನು ಹಿಡಿಯುವ ನಾಜೂಕು, ಬಂದವರನ್ನು ಮಾತನಾಡಿಸುವ ರೀತಿ ಎಲ್ಲವೂ ಒಂಬತ್ತು ದಿನದಲ್ಲಿ ಆಟವಾಡುತ್ತಲೇ ಬರುತ್ತವೆ.

ಇಲ್ಲಿ ಪಟ್ಟದ ಗೊಂಬೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಮರದಲ್ಲಿ ಕಡೆದ ಈ ರಾಜ ರಾಣಿಯರ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವುದು ವಾಡಿಕೆ. ಅವಳು ಗಂಡನ ಮನೆಯಲ್ಲಿ ಅದನ್ನಿಟ್ಟು ಪ್ರತಿವರ್ಷ ಒಂದೆರಡು ಗೊಂಬೆ ಸೇರಿಸುತ್ತಾ ಹೋಗುತ್ತಾಳೆ. ಹಲವು ಮನೆಗಳಲ್ಲಿ ಅಜ್ಜಿಯ ಗೊಂಬೆ ತಾಯಿಗೆ, ತಾಯಿಯದು ಮಗಳಿಗೆ ಬಂದಿದೆ. ಮನೆಯ ವಂಶವೃಕ್ಷದಲ್ಲಿ ಗಂಡಸರ ಹೆಸರುಗಳೇ ಇರುತ್ತವೆ. ಆದರೆ ಗೊಂಬೆಯ ಪೆಟ್ಟಿಗೆಯನ್ನು ಬಿಚ್ಚಿದರೆ, ‘ಇದು ನಮ್ಮಜ್ಜಿಯ ತಾಯಿಯದು’ ಎಂದು ಹೆಂಗಸರ ವಂಶವೊಂದು ಹೊರಬರುತ್ತದೆ. ತಾಯಿಯಿಂದ ಮಗಳಿಗೆ ಕೈಬದಲಾಗುತ್ತಾ ಬಂದ, ಗಂಡಸರು ಪಾಲು ಕೇಳದ ಆಸ್ತಿ ಇದು.

ಇಂಥದ್ದು ನಮ್ಮಲ್ಲಷ್ಟೇ ಅಲ್ಲ. ತಮಿಳರಲ್ಲಿ ಇದು ಕೊಲು, ತೆಲುಗರಲ್ಲಿ ಬೊಮ್ಮಲ ಕೊಲುವು. ದೂರದ ಜಪಾನಿನಲ್ಲಿ ಮಾರ್ಚ್ 3ರಂದು ಹಿನಮತ್ಸುರಿ ಎಂಬ ಹಬ್ಬವಿದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ತುದಿಯಲ್ಲಿ ರಾಜ ರಾಣಿಯರನ್ನೇ ಕೂರಿಸುತ್ತಾರೆ. ಹಬ್ಬ ಕಳೆದ ಮೇಲೆ ಗೊಂಬೆಗಳನ್ನು ಬೇಗ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದೆ ಎಂಬ ನಂಬಿಕೆ ಅಲ್ಲಿಯೂ ಉಂಟು. ಎರಡೂ ಕಡೆ ಹುಡುಗಿಯ ಕೈಗೆ ಕೊಡುವುದು ಒಂದು ಜೋಡಿಯನ್ನು. ಆಟದ ಒಳಗೇ ಮದುವೆ ಕೂತಿದೆ ಎಂಬುದನ್ನು ಮರೆಯುವಂತಿಲ್ಲ.

ಮದುವೆ ಎಂದರೆ ನಮ್ಮಲ್ಲಿ ಒಂದು ಕಾಲದಲ್ಲಿ ಗೊಂಬೆಯಾಡುವ ವಯಸ್ಸಿನ ಮದುವೆಯೇ ಆಗಿತ್ತು. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯುವ ಕಾನೂನು ತಂದಾಗ ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು. ಅಷ್ಟನ್ನೇ ದೊಡ್ಡ ಸುಧಾರಣೆ ಎಂದು ಅಂದು ಹೇಳಬೇಕಾಗಿತ್ತು. ಈಗ ಹುಡುಗಿಗೆ ಹದಿನೆಂಟು ತುಂಬಿರಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಎಂಟರಿಂದ ಹದಿನೆಂಟಕ್ಕೆ ಬರಲು ಇಷ್ಟು ಕಾಲ ಬೇಕಾಯಿತು. ಹುಡುಗಿಗೆ ಬಾಲ್ಯವೆಂಬುದು ಸಿಕ್ಕಿದ್ದು ಈ ನಡುವಿನ ಹತ್ತು ವರ್ಷಗಳಲ್ಲಿ.

ಇನ್ನು ಬೀದಿಯ ಮಾತು. ಹಿಂದೆ ಕೂಲಿಮಠಗಳಿದ್ದ ಕಾಲದಲ್ಲಿ ನವರಾತ್ರಿಗೆ ಐಗಳು ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಮಾನೌಮಿಯ ಚೌಪದ ಹಾಡಿಸುತ್ತಿದ್ದರು. ಸಿಕ್ಕಿದ ಹಣ ಐಗಳಿಗೆ, ತಿಂಡಿ ಹುಡುಗರಿಗೆ. ಕಲಿತದ್ದನ್ನು ಊರ ಮುಂದೆ ತೋರಿಸುವ ಹಬ್ಬ ಅದು. ಆ ಸಾಲಿನಲ್ಲಿ ಹುಡುಗಿಯರು ಇರಲಿಲ್ಲ, ಏಕೆಂದರೆ ಮಠದಲ್ಲೇ ಅವರಿರಲಿಲ್ಲ. ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಶುರುವಾದದ್ದು 1881ರಲ್ಲಿ. ಹುಡುಗ ಬೀದಿಯಲ್ಲಿ ಹಾಡುವಾಗ ಹುಡುಗಿ ಒಳಗೆ ಗೊಂಬೆಯ ಮುಂದೆ ಹಾಡುತ್ತಿದ್ದಳು.

ಆದರೆ ನಮ್ಮ ಜಿಲ್ಲೆಯಲ್ಲೇ ಹುಡುಗಿಯರು ಎಲ್ಲರಿಗಿಂತ ಮುಂದೆ ನಡೆಯುವ ಒಂದು ಹಬ್ಬ ಇದೆ. ಮಲೆ ಮಹದೇಶ್ವರ ಬೆಟ್ಟದ ದೀಪಾವಳಿ ಜಾತ್ರೆಯ ಹಾಲರವೆ. ಅರವೆ ಎಂದರೆ ಮಡಕೆ. ಮಾದಪ್ಪನ ಪೂಜೆ ಮಾಡುವ ಬೇಡಗಂಪಣ ಸಮುದಾಯದ ನೂರೊಂದು ಪುಟ್ಟ ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳಕ್ಕೆ ಹೋಗಿ ನೀರು ತುಂಬಿಕೊಂಡು, ತಲೆಯ ಮೇಲೆ ಹೊತ್ತು ಕಲ್ಲುಮುಳ್ಳಿನ ದಾರಿಯಲ್ಲಿ ಬೆಟ್ಟಕ್ಕೆ ಬರುತ್ತಾರೆ. ಆ ನೀರಿನಿಂದ ಸ್ವಾಮಿಗೆ ಅಭಿಷೇಕ. ಆ ಮಕ್ಕಳು ಬರುವಾಗ ದೊಡ್ಡವರು ಪಕ್ಕಕ್ಕೆ ಸರಿದು ಕೈಮುಗಿಯುತ್ತಾರೆ. ಮನೆಯಲ್ಲಿ ಗೊಂಬೆಯ ಪಕ್ಕ ಕೂತವಳು ಇಲ್ಲಿ ಊರಿಗೇ ಬೇಕಾದ ಕೆಲಸ ಮಾಡುವವಳು. ಮೈನೆರೆದ ಮೇಲೆ ಅವಳಿಗೆ ಆ ಸ್ಥಾನವಿಲ್ಲ ಎಂಬುದೂ ನಿಜ. ನಮ್ಮ ಸಂಪ್ರದಾಯ ಹೆಣ್ಣುಮಗುವಿಗೆ ಕೊಡುವ ಗೌರವವನ್ನು ಹೆಣ್ಣಿಗೆ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಚಿಕ್ಕವಳಾಗಿದ್ದಾಗ ದೇವಿ ಎನ್ನುತ್ತೇವೆ, ದೊಡ್ಡವಳಾದಾಗ ಹೊರಗಿನವಳು ಎನ್ನುತ್ತೇವೆ.

ಹೊರಗಿನವಳು ಎಂಬ ಮಾತು ಸ್ಪಷ್ಟವಾಗಿ ಕಾಣುವುದು ಆಸ್ತಿ ಭಾಗ ಮಾಡುವಾಗ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದಿತ್ತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಎಂಬ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಕಾನೂನು ಹೀಗಿದೆ. ನಡೆಯುವುದು ಏನು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಣ್ಣ ತಮ್ಮಂದಿರು ಉಪನೋಂದಣಿ ಕಚೇರಿಗೆ ಅಕ್ಕ ತಂಗಿಯರನ್ನು ಕರೆದುಕೊಂಡು ಹೋಗುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ಹಾಕಿಸುತ್ತಾರೆ. ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ಹಣ ಕೊಡುತ್ತಾರೆ. ಗೌರಿಯ ಮೊರದಲ್ಲಿದ್ದ ಅದೇ ಅರಿಶಿನ, ಅದೇ ಕುಂಕುಮ! ಬಾಗಿನದಲ್ಲಿ ಅದು ತವರಿನ ಪ್ರೀತಿಯ ಗುರುತು. ಪತ್ರದಲ್ಲಿ ಅದು ಹೊಲದ ಬೆಲೆ. ಅಕ್ಕ ಯಾಕೆ ಸಹಿ ಹಾಕುತ್ತಾಳೆ? ಕಾನೂನು ತಿಳಿಯದೆ ಅಲ್ಲ. ಪಾಲು ಕೇಳಿದರೆ ಮುಂದಿನ ಗೌರಿಗೆ ಬಾಗಿನ ಬರುವುದಿಲ್ಲ, ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯದಿಂದ. ಚಿಕ್ಕಂದಿನಲ್ಲಿ ಹಬ್ಬದಿಂದ ಕಲಿತ ಪಾಠ ದೊಡ್ಡವಳಾದಾಗ ಹೀಗೆ ಕೆಲಸ ಮಾಡುತ್ತದೆ.

ಹಾಗಾದರೆ ಹಬ್ಬಗಳನ್ನು ಬಿಡಬೇಕೇ? ಖಂಡಿತ ಬೇಡ. ಪಾಠವನ್ನು ತಿದ್ದಬೇಕು. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಈ ದಸರಾ ರಜೆಯಲ್ಲಿ ಗೊಂಬೆಯ ಪೆಟ್ಟಿಗೆ ಬಿಚ್ಚುವಾಗ ಮಗಳ ಕೈಗೆ ಒಂದು ನೋಟುಪುಸ್ತಕ ಕೊಡಿ. ಪ್ರತಿ ಗೊಂಬೆ ಯಾರದು, ಯಾವ ಊರಿಂದ ಬಂತು ಎಂದು ಅಜ್ಜಿಯನ್ನು ಕೇಳಿ ಬರೆಯಲಿ. ತಾಯಿಯ ಕಡೆಯ ನಾಲ್ಕು ತಲೆಮಾರಿನ ಹೆಸರು ಅವಳಿಗೆ ಸಿಗುತ್ತದೆ. ಗೊಂಬೆ ಇಲ್ಲದ ಮನೆಯವರು ಕೆರೆಯ ಜೇಡಿಮಣ್ಣಿನಲ್ಲಿ ಮಾಡಿಸಿ. ನೇಗಿಲು ಹಿಡಿದವಳನ್ನೋ ಬಸ್ಸು ಓಡಿಸುವವಳನ್ನೋ ಅವಳು ಮಾಡಿದರೆ ಬೇಡವೆನ್ನಬೇಡಿ, ಅದನ್ನೂ ಮೆಟ್ಟಿಲ ಮೇಲೆ ಕೂರಿಸಿ. ತಿಂಡಿ ಹಂಚುವುದು, ಪಾತ್ರೆ ತೊಳೆಯುವುದು ಮಗನಿಗೂ ಬರಲಿ.

ಆಯುಧಪೂಜೆಯ ದಿನ ನೇಗಿಲಿಗೋ ಟ್ರ್ಯಾಕ್ಟರಿಗೋ ಕುಂಕುಮ ಇಡುವಾಗ ಮಗಳನ್ನೂ ಮುಂದೆ ನಿಲ್ಲಿಸಿ. ಚಿತ್ತೆ ಮಳೆ ಬಿಟ್ಟ ಒಂದು ದಿನ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಕೂಲಿ ಕೆಲಸಕ್ಕಲ್ಲ, ತಮ್ಮನನ್ನು ಎತ್ತಿಕೊಳ್ಳುವುದಕ್ಕೂ ಅಲ್ಲ. ಬದುವಿನ ಮೇಲೆ ನಡೆಸಿ ನಾಲ್ಕು ಎಲ್ಲೆ ತೋರಿಸಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು ಎಂದು ಹೇಳಿ. ಓದು ಬಂದಿದ್ದರೆ ಪಹಣಿಯನ್ನು ಅವಳಿಂದಲೇ ಓದಿಸಿ. ಗಂಡುಮಕ್ಕಳಿಗೆ ಇದನ್ನೆಲ್ಲ ನಾವು ಕೇಳದೆಯೇ ತೋರಿಸಿರುತ್ತೇವೆ. ಎಲ್ಲೆ ಗೊತ್ತಿಲ್ಲದವಳು ಪಾಲನ್ನು ಹೇಗೆ ಕೇಳಿಯಾಳು?

ಗೌರಿಹಬ್ಬಕ್ಕೆ ಬಾಗಿನ ಕೊಡುವಾಗ ಅಣ್ಣಂದಿರು ಒಂದು ಮಾತು ಸೇರಿಸಲಿ: ‘ಪಾಲಿನ ಮಾತು ಬೇರೆ, ಬಾಗಿನ ಬೇರೆ. ಅದಕ್ಕಾಗಿ ಇದು ನಿಲ್ಲುವುದಿಲ್ಲ.’ ಈ ಮಾತನ್ನು ಪಕ್ಕದಲ್ಲಿ ನಿಂತ ಪುಟ್ಟ ಹುಡುಗಿಯೂ ಕೇಳಿಸಿಕೊಳ್ಳಲಿ. ಪಕ್ಕದಲ್ಲಿರುವ ಅವಳ ಅಣ್ಣನೂ ಕೇಳಿಸಿಕೊಳ್ಳಲಿ. ಮುಂದೆ ಪತ್ರ ಬರೆಸುವವನು ಅವನೇ ಅಲ್ಲವೇ?