ತನ್ನತನವೂ ತರುಣರ ಧೈರ್ಯವೂ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯೊಳಗಿದ್ದರೂ ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿ ಬೇರೆ ನಿಂತಿರುವುವು. ಮಳೆ ಕಡಮೆ, ಬಂಡೆ ಹೆಚ್ಚು. ಇಂತಹ ಸೀಮೆಯ ಮಕ್ಕಳನ್ನು ಕಷ್ಟಸಹಿಷ್ಣುಗಳೆಂದು ಹೊಗಳುವುದು ವಾಡಿಕೆ. ಆದರೆ ಕಷ್ಟವನ್ನು ಸಹಿಸುವುದು ಬೇರೆ, ಎದುರಿಸುವುದು ಬೇರೆ.

ಪಾವಗಡದ ಬಾಲಕನೊಬ್ಬನ ಸ್ಥಿತಿಯನ್ನು ನೋಡಬಹುದು. ಆ ತಾಲ್ಲೂಕನ್ನು ಬಹುಭಾಗ ಆಂಧ್ರಸೀಮೆಯೇ ಸುತ್ತುವರಿದಿರುವುದು. ಅನೇಕ ಮನೆಗಳಲ್ಲಿ ತೆಲುಗು, ಪಾಠಶಾಲೆಯಲ್ಲಿ ಕನ್ನಡ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. ತನ್ನ ಉಚ್ಚಾರಕ್ಕೆ ಸಹಪಾಠಿಗಳು ನಕ್ಕಾರೆಂಬ ಅಂಜಿಕೆಯಿಂದ ಅವನು ಸಂದೇಹವನ್ನು ಕೇಳದೆಯೇ ಕುಳಿತಿರುವನು. ಉಪಾಧ್ಯಾಯರು ಅದನ್ನು ವಿನಯವೆಂದು ಬಗೆಯುವರು. ಪರೀಕ್ಷೆಯ ಫಲ ಬಂದಾಗ ಅದು ವಿನಯವಾಗಿರಲಿಲ್ಲವೆಂದು ತಿಳಿಯುವುದು.

ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞನು, 'ನಾನಾರು' ಎಂಬ ಪ್ರಶ್ನೆಯೇ ಹರೆಯದ ಮುಖ್ಯ ಸಮಸ್ಯೆಯೆಂದು ನಿರೂಪಿಸಿದನು. ೧೯೬೬ರಲ್ಲಿ ಜೇಮ್ಸ್ ಮಾರ್ಸಿಯಾ ಎಂಬಾತನು ತರುಣರಲ್ಲಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದನು: ವಿಚಾರಿಸಿ ನಿಶ್ಚಯಿಸಿದವರು, ವಿಚಾರಿಸದೆ ಹಿರಿಯರ ನಿಶ್ಚಯವನ್ನೇ ಹೊತ್ತವರು, ಇನ್ನೂ ಹುಡುಕುತ್ತಿರುವವರು, ಯಾವುದರ ಗೊಡವೆಯೂ ಇಲ್ಲದವರು. ಮೊದಲನೆಯವರು ಸಾಮಾನ್ಯವಾಗಿ ತೊಡಕನ್ನೇ ಬಿಡಿಸಲು ಯತ್ನಿಸುವರು. ಕಡೆಯವರು ಅದರಿಂದ ತಪ್ಪಿಸಿಕೊಳ್ಳುವರು. ಇದಕ್ಕೆ ಅಪವಾದಗಳುಂಟು. ಬಡತನವೂ ಬರಗಾಲವೂ ಹುಡುಕುವ ಅವಕಾಶವನ್ನೇ ಕಸಿದುಕೊಂಡಾಗ ತರುಣನನ್ನು ಹಳಿಯುವುದು ನ್ಯಾಯವಲ್ಲ.

ಧೀರವಾಗಿ ನುಡಿಯುವುದನ್ನು ಉದ್ಧಟತನವೆಂದು ತಿಳಿಯುವವರು ಶರಣರ ಚರಿತ್ರೆಯನ್ನು ನೆನೆಯಬೇಕು. ಗಂಡನಾದ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಆಕೆ ಜಗಳಕ್ಕೆ ನಿಲ್ಲಲಿಲ್ಲ, ಬಾಯಿಮುಚ್ಚಿಯೂ ಕೂಡಲಿಲ್ಲ. ತನ್ನ ಕಾಯಕವೇನೆಂಬ ಅರಿವು ಆಕೆಗಿದ್ದುದರಿಂದ ಮಾತು ನೆಟ್ಟಗೆ ಬಂದಿತು.

ಈ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವ ಗೃಹಸ್ಥನ ಮನೆಯಲ್ಲಿಯೇ ಹತ್ತನೆಯ ತರಗತಿ ಮುಗಿಸಿದ ಮಗಳೊಬ್ಬಳು ಇರಬಹುದು. ಆಕೆಗೆ ಗಂಡು ನೋಡಿರುವರು. ೨೦೦೬ರ ಶಾಸನದಂತೆ ಹದಿನೆಂಟು ತುಂಬದ ಹೆಣ್ಣಿಗೆ ವಿವಾಹವು ನಿಷಿದ್ಧವೆಂಬುದನ್ನು ಆಕೆ ಶಾಲೆಯಲ್ಲಿ ಓದಿರುವಳು. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯೂ ಬಾಯಿಪಾಠವಾಗಿರುವುದು. ತಿಳಿವಿಗೆ ಕೊರತೆಯಿಲ್ಲ. "ಅಪ್ಪಾ, ನನಗೆ ಇನ್ನೂ ಓದಬೇಕಾಗಿದೆ" ಎಂಬ ಒಂದು ಮಾತು ಗಂಟಲಲ್ಲಿ ನಿಂತಿರುವುದು. ಹಿರಿಯರೆದುರು ತುಟಿ ಬಿಚ್ಚದಿರುವುದೇ ಒಳ್ಳೆಯ ಹುಡುಗಿಯ ಲಕ್ಷಣವೆಂದು ಹುಟ್ಟಿದಂದಿನಿಂದ ಆಕೆಗೆ ಹೇಳಿಕೊಟ್ಟಿರುವರು.

ಆದುದರಿಂದ ಮಠದ ವಿದ್ಯಾರ್ಥಿನಿಲಯಗಳಲ್ಲಿ ಪ್ರಾರ್ಥನೆಯ ತರುವಾಯ ವಾರಕ್ಕೊಂದು ಸಂಜೆ ಮಕ್ಕಳೇ ಪ್ರಶ್ನೆ ಕೇಳುವ ಸಭೆಯನ್ನು ಏರ್ಪಡಿಸುವುದು ಯುಕ್ತ. ತೆಲುಗು ಬೆರೆತ ಕನ್ನಡಕ್ಕೆ ಅಲ್ಲಿ ಯಾರೂ ನಗಕೂಡದು. ತಿಂಗಳಿಗೊಮ್ಮೆ ತಂದೆತಾಯಿಗಳೂ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಆ ದಿನ ಮಾತನಾಡುವ ಸರದಿಯು ಅವರದಲ್ಲ.